ಓದುಗರ ಪ್ರಶ್ನೆ: ಸೂಲಗಿತ್ತಿ ಅಜ್ಜಿಯ ನೆನಪಿಗೆ ಏನು ಬರೆಯೋಣ?

ಪ್ರಶ್ನೆ: ಮಾನ್ಯರೇ, ನಮ್ಮ ತಾಯಿಯ ತಾಯಿ ಕಳೆದ ಮಾಘದಲ್ಲಿ ತೀರಿಕೊಂಡರು. ಮಧುಗಿರಿ ತಾಲ್ಲೂಕಿನ ನಮ್ಮೂರಿಗೂ ಸುತ್ತಲಿನ ನಾಲ್ಕು ಹಳ್ಳಿಗಳಿಗೂ ಅವರೇ ಸೂಲಗಿತ್ತಿ. ಯಾರಿಂದಲೂ ಕಾಸು ಪಡೆದವರಲ್ಲ. ವರ್ಷದ ತಿಥಿಯ ಹೊತ್ತಿಗೆ ಒಂದು ಚಿಕ್ಕ ಸ್ಮರಣ ಪುಸ್ತಿಕೆ ತರಬೇಕೆಂದು ಮೊಮ್ಮಕ್ಕಳೆಲ್ಲ ಸೇರಿ ನಿಶ್ಚಯಿಸಿದ್ದೇವೆ. ಆದರೆ ಬರೆಯಲು ಕುಳಿತರೆ ‘ಮಮತಾಮಯಿ’, ‘ತ್ಯಾಗಮೂರ್ತಿ’ ಎಂಬ ಮಾತುಗಳ ಆಚೆಗೆ ಲೇಖನಿ ಸಾಗುತ್ತಿಲ್ಲ. ದೊಡ್ಡ ಮಾವನವರಂತೂ ‘ಐದು ಸಾವಿರ ಹೆರಿಗೆ ಮಾಡಿಸಿದ ಮಹಾತಾಯಿ’ ಎಂದು ಮುಖಪುಟದಲ್ಲೇ ಹಾಕಿಸಿ ಎನ್ನುತ್ತಾರೆ. ನಮ್ಮಲ್ಲಿ ಯಾವ ಲೆಕ್ಕವೂ ಇಲ್ಲ. ಏನು ಮಾಡೋಣ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಮಾವನವರ ಮಾತಿನಿಂದಲೇ ಆರಂಭಿಸುತ್ತೇನೆ. ಅವರ ಮನಸ್ಸಿನಲ್ಲಿ ನಿಮ್ಮ ತುಮಕೂರು ಜಿಲ್ಲೆಯದೇ ಆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಇದ್ದಿರಬೇಕು. ಕೃಷ್ಣಾಪುರದ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹನ್ನೆರಡನೆಯ ವಯಸ್ಸಿಗೇ ಮದುವೆಯಾಗಿ, ತಮ್ಮ ಅಜ್ಜಿಯಿಂದ ಈ ವಿದ್ಯೆ ಕಲಿತು, ಸುಮಾರು ಏಳು ದಶಕಗಳ ಕಾಲ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣವಿಲ್ಲದೆ ಮಾಡಿಸಿದವರೆಂದು ಹೆಸರಾದವರು. ತುಮಕೂರು ವಿಶ್ವವಿದ್ಯಾಲಯವು 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಆ ಸಂಖ್ಯೆಯನ್ನು ಭಾಗಿಸಿ ನೋಡಿದರೆ ಎಪ್ಪತ್ತು ವರ್ಷ ಬಿಡುವಿಲ್ಲದೆ ವಾರಕ್ಕೆ ನಾಲ್ಕು ಹೆರಿಗೆಯಾಗುತ್ತದೆ. ಅದನ್ನು ನಿಮ್ಮ ಅಜ್ಜಿಗೆ ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಐದು ಹಳ್ಳಿಯ ಪುಸ್ತಿಕೆಯಲ್ಲಿ ಐದು ಸಾವಿರ ಎಂದು ಅಚ್ಚಾದರೆ ಮೊದಲು ನಗುವವರು ಆ ಊರಿನವರೇ. ಆಮೇಲೆ ಒಳಗಿರುವ ನಿಜವನ್ನೂ ಯಾರೂ ನಂಬುವುದಿಲ್ಲ. ನರಸಮ್ಮನವರ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಒಂದು ಸಣ್ಣ ಸಂಖ್ಯೆ. ತಾವು ಹೆತ್ತ 12 ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡ ತಾಯಿ ಅವರು. ಇನ್ನೊಬ್ಬರ ಕೂಸನ್ನು ಉಳಿಸಿಕೊಡಲು ಅಂಥವರು ಹೊರಡುತ್ತಿದ್ದರು.

ಇನ್ನು ಲೆಕ್ಕದ ಮಾತು. ನಿಮ್ಮೂರಿನಲ್ಲಿ ಐವತ್ತು ಅರವತ್ತು ದಾಟಿದವರ ಆಧಾರ್ ಕಾರ್ಡನ್ನು ಒಮ್ಮೆ ನೋಡಿ, ಜೂನ್ 1ರಂದು ಹುಟ್ಟಿದವರು ಎಷ್ಟೊಂದು ಜನ ಸಿಗುತ್ತಾರೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು. ನಿಜವಾದದ್ದು ಸೂಲಗಿತ್ತಿಯ ಬಾಯಲ್ಲಿತ್ತು: ‘ನೀನು ಹುಟ್ಟಿದ್ದು ಸ್ವಾತಿ ಮಳೆಯಲ್ಲಿ ಕಣಪ್ಪ, ಹೊಲದಲ್ಲಿ ಕಡಲೇಕಾಯಿ ಕೀಳ್ತಿದ್ರು, ನಿಮ್ಮಪ್ಪ ಲಾಟೀನು ಹಿಡಿದು ನನ್ನ ಕರೆಯೋಕೆ ಬಂದಿದ್ದ.’ ಆ ಬಾಯಿ ಈಗಿಲ್ಲ, ಆದರೆ ಹೆತ್ತವರಲ್ಲಿ ಕೆಲವರಾದರೂ ಇನ್ನೂ ಇದ್ದಾರೆ. ಅವರ ಮನೆಗಳಿಗೆ ಹೋಗಿ ಕುಳಿತು, ಯಾವ ಮಳೆ, ಯಾವ ಹಬ್ಬದ ಹಿಂದುಮುಂದು, ದೀಪ ಹಿಡಿದವರು ಯಾರು, ಅಜ್ಜಿ ನಡೆದು ಬಂದರೋ ಗಾಡಿಯಲ್ಲಿ ಬಂದರೋ, ಕೂಸನ್ನು ಮೊರದಲ್ಲಿ ಮಲಗಿಸಿ ಮೊದಲು ಏನೆಂದರು ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಅಜ್ಜಿ ಹೇಗಿದ್ದರು?’ ಎಂದು ಮಾತ್ರ ಕೇಳಬೇಡಿ. ‘ದೇವರಂಥೋರು’ ಎಂಬ ಉತ್ತರಕ್ಕೆ ಮಾತು ಮುಗಿದುಹೋಗುತ್ತದೆ.

ಮನೆಯವರಿಗಿಂತ ಹೊರಗಿನವರನ್ನೇ ಹೆಚ್ಚು ಕೇಳಿ ಎನ್ನಲು ನನ್ನದೇ ಒಂದು ಕಾರಣವಿದೆ. ನಮ್ಮ ತಾಯಿ ತೀರಿಕೊಂಡಾಗ ನಾನೂ ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದೆ. ವಿಶೇಷಣಗಳಿಗೇನೂ ಕೊರತೆ ಇರಲಿಲ್ಲ. ಅದನ್ನು ಹಂಚಿ ಮುಗಿಸಿದ ವಾರದಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ಬಾಗಿಲಿಗೆ ಬಂದು, ‘ನಿಮ್ಮಮ್ಮ ಇರೋವರೆಗೂ ಈ ಬೀದೀಲಿ ನನಗೆ ಬೋಣಿ ತಪ್ಪಿರಲಿಲ್ಲ ಸ್ವಾಮಿ’ ಎಂದರು. ಹಿತ್ತಲಲ್ಲಿ ಕರಿಬೇವಿನ ಮರವಿದ್ದೂ ನಮ್ಮಮ್ಮ ದಿನಾ ಬೆಳಗ್ಗೆ ಕರಿಬೇವು ಕೊಳ್ಳುತ್ತಿದ್ದುದು ಏಕೆಂದು ನನಗೆ ತಿಳಿದದ್ದು ಆ ದಿನ. ಅದು ನನ್ನ ಪುಸ್ತಿಕೆಯಲ್ಲಿ ಇಲ್ಲ.

ಕೈಗೂಡದ ಹೆರಿಗೆಗಳನ್ನೂ ಮುಚ್ಚಿಡಬೇಡಿ. ಆ ಮನೆಯವರ ಒಪ್ಪಿಗೆಯಿದ್ದರೆ, ಹೆಸರು ಬಿಟ್ಟು ಬರೆಯಿರಿ. ‘ಇದು ನನ್ನ ಕೈಲಾಗೋದಲ್ಲ, ಗಾಡಿ ಕಟ್ಟಿ’ ಎಂದು ಅಜ್ಜಿ ಹೇಳಿದ ಸಂದರ್ಭವೊಂದು ಸಿಕ್ಕರಂತೂ ಅದಕ್ಕೆ ಒಂದು ಪುಟವನ್ನೇ ಕೊಡಿ, ಏಕೆಂದರೆ ಅನುಭವಸ್ಥ ಸೂಲಗಿತ್ತಿಯ ಗುರುತೇ ಅದು. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡಾಡತೊಡಗಿದ್ದು 2008ರಲ್ಲಿ. ಅದಕ್ಕೆ ಮುಂಚೆ ಗಾಡಿ ಕಟ್ಟಿ ಎಂದರೆ ಎತ್ತುಗಳನ್ನು ಹುಡುಕಿ, ನೊಗಕ್ಕೆ ಹೂಡಿ, ನೋವು ತಿನ್ನುತ್ತಿರುವವಳನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ರಾತ್ರಿಯಿಡೀ ಹೋಗುವುದೆಂದು ನಿಮ್ಮ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೆ ಅಜ್ಜಿ ಏನು ಮಾಡುತ್ತಿದ್ದರು? ಕೂಸಿಗೆ ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡಲು ಕರೆ ಬರುತ್ತಿತ್ತೇ, ಅಥವಾ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದರೇ? ನಿಮ್ಮ ತಾಯಿಯನ್ನು ಕೇಳಿ.

ಅವರ ಗಿಡಮೂಲಿಕೆಗಳ ಹೆಸರನ್ನು ದಾಖಲಿಸಿ, ಪ್ರಮಾಣ ಮತ್ತು ಬಳಸುವ ಕ್ರಮ ಹಾಕಬೇಡಿ. ಪುಸ್ತಿಕೆಯನ್ನು ಓದಿ ಯಾರೋ ಎಳೆಗೂಸಿನ ಹೊಕ್ಕುಳಿಗೆ ಏನನ್ನೋ ಹಚ್ಚುವಂತಾಗಬಾರದು.

ಪುಸ್ತಿಕೆಯ ಕೊನೆಯಲ್ಲಿ ನಾಲ್ಕು ಪುಟ ಖಾಲಿ ಬಿಡಿಸಿ. ತಿಥಿಯ ದಿನ ಊಟದ ಚಪ್ಪರದ ಬಾಗಿಲಲ್ಲಿ ಒಂದು ಪ್ರತಿ ಇಟ್ಟು, ಪೆನ್ನನ್ನು ದಾರದಿಂದ ಕಟ್ಟಿ, ಅಜ್ಜಿಯ ಕೈಯಲ್ಲಿ ಹುಟ್ಟಿದವರೆಲ್ಲ ತಮ್ಮ ಹೆಸರನ್ನೂ ಮಳೆಯ ಹೆಸರನ್ನೂ ಬರೆಯಲಿ ಎಂದು ಹೇಳಿ. ಬರೆಯಲು ಬಾರದವರಿಗೆ ಮೊಮ್ಮಕ್ಕಳಲ್ಲೊಬ್ಬರು ಪಕ್ಕದಲ್ಲಿ ಕುಳಿತಿರಲಿ. ಸಂಜೆ ಎಣಿಸಿ, ಎಷ್ಟಾಯಿತೋ ಅಷ್ಟನ್ನೇ ಮಾವನವರಿಗೆ ಹೇಳಿ.