ಎಕ್ಕ-ರಾಜ ಕೈಯಲ್ಲಿದ್ದರೂ ದುಡ್ಡು ಹೋಗಿದ್ದು ಎಲ್ಲಿ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ. ಅಂದರ್ ಬಾಹರ್, ರಮ್ಮಿ ನೋಡಿಕೊಂಡೇ ಬೆಳೆದವನು ನಾನು. ವರ್ಷಕ್ಕೆ ಎರಡು ಸಲ ಗೆಳೆಯರ ಜೊತೆ ಗೋವಾಕ್ಕೆ ಹೋದಾಗ ಕ್ಯಾಸಿನೋದಲ್ಲಿ ಪೋಕರ್ ಕ್ಯಾಶ್ ಟೇಬಲ್‌ಗೆ ಕೂರುತ್ತೇನೆ. ಹೋದ ಸಲ 100-200 ಬ್ಲೈಂಡ್ ಟೇಬಲ್ (ಎಲೆ ನೋಡುವ ಮೊದಲೇ ಒಬ್ಬರು 100, ಇನ್ನೊಬ್ಬರು 200 ಹಾಕಲೇಬೇಕು), ನನ್ನ ಮುಂದೆ 20,000 ಚಿಪ್ಸ್. ಇಸ್ಪೀಟ್ ಎಕ್ಕ, ಡೈಮಂಡ್ ರಾಜ ಬಂತು. ಮೊದಲು ಮಾತಾಡಬೇಕಾದವನು ನಾನೇ, 800ಕ್ಕೆ ಏರಿಸಿದೆ. ಕೊನೆಗೆ ಮಾತಾಡುವ ಬಟನ್ ಜಾಗದಲ್ಲಿದ್ದ ಹಿರಿಯರೊಬ್ಬರು ಮಾತ್ರ ಕಾಲ್ ಮಾಡಿದರು, ಅಂದರೆ ಅಷ್ಟೇ ದುಡ್ಡು ಹಾಕಿದರು. ಅವರ ಹತ್ರ ನನಗಿಂತ ಜಾಸ್ತಿ ಚಿಪ್ಸ್ ಇತ್ತು. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಆಟೀನ್ ರಾಜ, ಆಟೀನ್ 9, ಕಳಾವರ್ 4. ನಾನು 1,200 ಹಾಕಿದೆ, ಕಾಲ್. ಟರ್ನ್ (ನಾಲ್ಕನೇ ಎಲೆ) ಇಸ್ಪೀಟ್ 2. 3,000 ಹಾಕಿದೆ, ಮತ್ತೆ ಕಾಲ್. ರಿವರ್ (ಐದನೇ, ಕೊನೆಯ ಎಲೆ) ಆಟೀನ್ 8. ನಾನು ಚೆಕ್ ಅಂದೆ, ಏನೂ ಹಾಕಲಿಲ್ಲ. ಅವರು ಟೀ ಕಪ್ ಪಕ್ಕಕ್ಕಿಟ್ಟು ಆಲ್-ಇನ್ (ಇದ್ದದ್ದೆಲ್ಲ ಹಾಕುವುದು) ಅಂದರು. ಉಳಿದಿದ್ದ 15,000 ಹಾಕಿ ಕಾಲ್ ಮಾಡಿದೆ. ಎರಡು 4 ತೋರಿಸಿದರು. ಮೇಜಿನ ಮೇಲಿನದೂ ಸೇರಿ ಅವರದು ಮೂರು 4, ನನ್ನದು ಬರೀ ರಾಜನ ಜೋಡಿ. ಒಳ್ಳೆ ಎಲೆ ಬಂದಾಗಲೇ ಹಿಂಗೆ ಆಗುತ್ತೆ. ಇದು ನಸೀಬಾ, ನನ್ನ ತಪ್ಪಾ?

ಉತ್ತರ: ಎರಡೂ ಇದೆ. ಮೊದಲ 5,000 ನಸೀಬಿನ ಮೇಲೆ ಹಾಕಿ, ಕೊನೆಯ 15,000 ನಿಮ್ಮದು.

ಏರಿಸಿದ್ದು ಸರಿ. ಫ್ಲಾಪ್‌ನಲ್ಲಿ ಹಾಕಿದ್ದೂ ಸರಿ. ಟರ್ನ್‌ನಲ್ಲಿ ಪಾಟ್ (ಮಧ್ಯದಲ್ಲಿ ಸೇರಿದ ದುಡ್ಡು) 4,300 ಇದ್ದಾಗ 3,000 ಹಾಕಿದ್ದು ತುಂಬಾ ಸರಿ, ಯಾಕೆಂದರೆ ರಾಜ-ರಾಣಿ, ರಾಜ-ಗುಲಾಮ ಹಿಡಿದವರು ಅಲ್ಲಿ ದುಡ್ಡು ಕೊಡುತ್ತಾರೆ, ಎರಡು ಆಟೀನ್ ಹಿಡಿದು ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆ) ಕಾಯುವವರೂ ಕೊಡುತ್ತಾರೆ. ಕಾಯುವವರಿಗೆ ಬೇಕಾದ ಆಟೀನ್ ಎಲೆಗಳು ಒಂಬತ್ತು, ಕಾಣದೆ ಉಳಿದ ಎಲೆಗಳು 46. ನೂರಕ್ಕೆ 20 ಸಲವೂ ಬರಲ್ಲ. ನೀವು ಕೇಳಿದ ಬೆಲೆಗೆ (ಒಟ್ಟು 10,300ರಲ್ಲಿ ಅವರ 3,000) ಅವರಿಗೆ ನೂರಕ್ಕೆ 29 ಸಲ ಬರಬೇಕಿತ್ತು.

ಈಗ ರಿವರ್. ಪಾಟ್‌ನಲ್ಲಿ 10,300 ಇದೆ, ಎದುರಿನವರು ನಿಮ್ಮಿಂದ 15,000 ಕೇಳುತ್ತಿದ್ದಾರೆ. ಕಾಲ್ ಮಾಡಿದರೆ ಒಟ್ಟು 40,300. ಅದರಲ್ಲಿ ನಿಮ್ಮ 15,000 ಅಂದರೆ ನೂರಕ್ಕೆ 37. ಅಷ್ಟು ಸಲ ನಿಮ್ಮ ಕೈ ಮೇಲಾಗಿರಬೇಕು, ಇಲ್ಲದಿದ್ದರೆ ಆ ಕಾಲ್ ನಷ್ಟದ್ದು. ಹಾಗಾದರೆ ಅವರು ಯಾವ ಎಲೆ ಹಿಡಿದು ಅಷ್ಟು ದುಡ್ಡು ತಳ್ಳುತ್ತಾರೆ? ರಾಜ-ರಾಣಿ ಇದ್ದರೆ ಅವರೂ ಚೆಕ್ ಅಂದು ಸುಮ್ನೆ ಎಲೆ ತೋರಿಸುತ್ತಿದ್ದರು, ಮೂರನೇ ಆಟೀನ್ ಬಿದ್ದ ಮೇಲೆ ಅವರಿಗೂ ಭಯ ಇರುತ್ತೆ ಅಲ್ವಾ? ಉಳಿಯುವುದು ಮೂರು 9, ಮೂರು 4, ಈಗ ತಾನೇ ಆದ ಫ್ಲಶ್. ಎಲ್ಲವೂ ನಿಮಗಿಂತ ಮೇಲೆ. ಬ್ಲಫ್ (ಎಲೆ ಇಲ್ಲದೆ ಹೆದರಿಸುವುದು) ಮಾಡುತ್ತಿದ್ದಾರೆ ಅನ್ನೋಣ ಅಂದರೆ, ಕಾಯುತ್ತಿದ್ದ ಫ್ಲಶ್ ಬಂದೇ ಬಿಟ್ಟಿದೆ. ಗುಲಾಮ-10ರಂಥ ತಪ್ಪಿದ ಕೈ ಒಂದೆರಡು ಇರಬಹುದು. ಆದರೆ 9ರಿಂದ ರಾಜನವರೆಗೆ ಸಾಲು ಕೂಡಲು ನಾಲ್ಕು ರಾಣಿಯಲ್ಲಿ ಒಂದು ಬರಲಿ ಅಂತ ಟರ್ನ್‌ನಲ್ಲಿ 3,000 ಕೊಟ್ಟು ಕಾಯುವವರು ಕಡಿಮೆ.

ಆ ಟೀ ಕಪ್ ನೀವೇ ಬರೆದಿದ್ದೀರಿ. ಅಲ್ಲಿಯವರೆಗೆ ಅವರು ಹಿಂದಕ್ಕೆ ಒರಗಿ ಟೀ ಕುಡೀತಾ ಕಾಲ್ ಮಾಡುತ್ತಿದ್ದಿರಬೇಕು. ರಿವರ್ ಬಿದ್ದ ಮೇಲೆ ಕಪ್ ಕೆಳಗಿಟ್ಟರು. ಎರಡು ಸಲ ಕಾಲ್ ಮಾಡಿ ಮೂರನೇ ಸಲ ಇದ್ದಕ್ಕಿದ್ದಂತೆ ಎಲ್ಲ ದುಡ್ಡು ತಳ್ಳುವ ಹಿರಿಯ ಆಟಗಾರರ ಹತ್ತಿರ ಎಲೆ ಇದ್ದೇ ಇರುತ್ತೆ, ಇದನ್ನು ನಾನು ಕೂತು ನೋಡಿ ಕಲಿತಿದ್ದೇನೆ.

ಇನ್ನೊಂದು ಲೆಕ್ಕ ಹೇಳಬೇಕು, ಇದು ಎದುರಿನವರ ಕಡೆಯಿಂದ. ಜೋಡಿ ಹಿಡಿದವರಿಗೆ ಫ್ಲಾಪ್‌ನಲ್ಲಿ ಮೂರನೆಯದು ಬರುವುದು ನೂರಕ್ಕೆ ಸುಮಾರು 12 ಸಲ. ಉಳಿದ 88 ಸಲ ಅವರು 800 ಕಳೆದುಕೊಂಡು ಎಲೆ ಕೆಳಗಿಡುತ್ತಾರೆ ಅಂದುಕೊಳ್ಳಿ, ಅದು 70,400 ಆಯ್ತು. ಬಂದ 12 ಸಲ ನೀವು ರಿವರ್‌ನಲ್ಲಿ ಎಲೆ ಬಿಟ್ಟರೆ ಅವರಿಗೆ ಸಿಗುವುದು ನಿಮ್ಮ 5,000 ಮತ್ತು ಬ್ಲೈಂಡ್‌ನ 300. ಹನ್ನೆರಡು ಸಲಕ್ಕೆ 63,600. ಅಂದರೆ ಆ ಜೋಡಿ 4 ಹಿಡಿದು ನಿಮ್ಮನ್ನು ಬೆನ್ನತ್ತಿದ್ದರಿಂದ ಅವರಿಗೇ ನಷ್ಟ! ನೀವು ಪೂರ್ತಿ 20,000 ಕೊಟ್ಟರೆ ಮಾತ್ರ ಅದೇ 12 ಸಲಕ್ಕೆ 2,43,600 ಸಿಗುತ್ತೆ. ಇದು ಒರಟು ಲೆಕ್ಕ, ಟೇಬಲ್ ಮೇಲೆ ಇಷ್ಟು ಸರಳವಾಗಿ ನಡೆಯಲ್ಲ. ಆದರೂ ಅವರ ಆಟವನ್ನು ಲಾಭಕ್ಕೆ ತಂದಿದ್ದು ನಿಮ್ಮ ಆ ಒಂದು ಕಾಲ್.

ಎಕ್ಕ-ರಾಜ ನೋಡಲು ಚೆಂದ, ಆದರೆ ಫ್ಲಾಪ್‌ನಲ್ಲಿ ಎಕ್ಕವೋ ರಾಜನೋ ಕೂಡುವುದು ಮೂರು ಸಲಕ್ಕೆ ಒಂದು ಸಲ. ಕೂಡಿದರೂ ಅದು ಒಂದೇ ಜೋಡಿ. ದೊಡ್ಡ ಬ್ಲೈಂಡ್‌ನ ನೂರು ಪಟ್ಟು, ಅಂದರೆ 20,000 ಪೂರ್ತಿ ಹೋಗುವ ಪಾಟ್‌ನಲ್ಲಿ ಒಂದು ಜೋಡಿ ಗೆಲ್ಲುವುದು ಅಪರೂಪ. ಮುಂದಿನ ಸಲ ಜೇಬಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದೊಡ್ಡ ಪಾಟ್ ಸೋತಾಗ ಎದ್ದು ಹೋಗಿ ಬರೆಯಿರಿ: ಎಲ್ಲಿ ಕೂತಿದ್ದೆ, ಪಾಟ್ ಎಷ್ಟಿತ್ತು, ಎಷ್ಟು ಕೇಳಿದರು, ಏನು ತೋರಿಸಿದರು. ನಾನು ಹೊಸಪೇಟೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ವಾಸ್ಕೋಗೆ ಹೋಗುತ್ತಿದ್ದಾಗ ವಾಪಸ್ ಬರುವ ದಾರಿಯಲ್ಲಿ ಅದನ್ನೇ ಓದುತ್ತಿದ್ದೆ. ನನ್ನ ನಷ್ಟದಲ್ಲಿ ಮುಕ್ಕಾಲು ಪಾಲು ರಿವರ್‌ನಲ್ಲಿ "ನೋಡೇ ಬಿಡೋಣ" ಅಂತ ಕೊಟ್ಟ ದುಡ್ಡೇ ಆಗಿತ್ತು.

ಪ್ರಶ್ನೆ: ಸಿಂಧನೂರಿನಿಂದ ಬರೀತಿದ್ದೇನೆ. ಭತ್ತ ಮಾರಿದ ದುಡ್ಡಲ್ಲಿ 1 ಲಕ್ಷ ತೆಗೆದಿಟ್ಟಿದ್ದೇನೆ. ನಾನೂ ಗೋವಾದಲ್ಲಿ 100-200 ಟೇಬಲ್‌ಗೆ ಕೂರಬಹುದಾ?

ಉತ್ತರ: ಬೇಡ. ಆ ಟೇಬಲ್‌ನಲ್ಲಿ ಒಂದು ಸಲ ಕೂರಲು 20,000 ಬೇಕು, ನಿಮ್ಮ ಲಕ್ಷ ಅಂದರೆ ಐದೇ ಸಲ. ಚೆನ್ನಾಗಿ ಆಡುವವರೂ ಐದು ಸಲ ಸಾಲಾಗಿ ಸೋಲುತ್ತಾರೆ, ಅದರಲ್ಲಿ ವಿಚಿತ್ರ ಏನೂ ಇಲ್ಲ. ಕಾಯಂ ಆಡುವವರು ಕಡಿಮೆ ಅಂದರೂ 20-30 ಸಲಕ್ಕೆ ಆಗುವಷ್ಟು ದುಡ್ಡನ್ನು ಬೇರೆಯೇ ಇಡುತ್ತಾರೆ. ಮೇಲಾಗಿ ಪ್ರತಿ ಪಾಟ್‌ನಿಂದ ಕ್ಯಾಸಿನೋ ತನ್ನ ರೇಕ್ ತೆಗೆಯುತ್ತೆ. ದಲಾಲಿ ಅಂಗಡಿಯಲ್ಲಿ ಕಮಿಷನ್ ಹಿಡಿದ ಹಾಗೆ, ನೀವು ಗೆದ್ದ ಪಾಟ್‌ನಿಂದಲೇ ಹಿಡಿಯುತ್ತಾರೆ. ಎಷ್ಟು ಅಂತ ಕೂರುವ ಮೊದಲೇ ಕೇಳಿ.

ನನಗೆ ಜಾಸ್ತಿ ಚಿಂತೆ ಆಗಿದ್ದು "ಭತ್ತ ಮಾರಿದ ದುಡ್ಡು" ಅನ್ನೋ ಮಾತಿಗೆ. ಗೊಬ್ಬರದಂಗಡಿ ಬಾಕಿ ತೀರಿದೆಯಾ? ಮುಂದಿನ ಬೆಳೆಗೆ ಬೀಜ, ಆಳಿನ ಕೂಲಿ ಎತ್ತಿಟ್ಟಿದ್ದೀರಾ? ಆ ದುಡ್ಡು ಟೇಬಲ್ ಮೇಲಿದ್ದರೆ ಬಿಡಬೇಕಾದ ಎಲೆಯನ್ನು ನೀವು ಬಿಡಲ್ಲ, ಹಾಕಬೇಕಾದಾಗ ಹಾಕೋಕೆ ಕೈ ಬರಲ್ಲ. ಹೊಲದ ದುಡ್ಡು ಹೊಲಕ್ಕೇ ಇರಲಿ.

ಪ್ರಶ್ನೆ: ಬಳ್ಳಾರಿಯವನು. ಅಭ್ಯಾಸಕ್ಕೆ ಅಂತ ಮೊಬೈಲ್‌ನಲ್ಲಿ ಸಣ್ಣ ದುಡ್ಡಿಗೆ ಆಡಬಹುದಾ? ವಾಟ್ಸಾಪ್‌ನಲ್ಲಿ ಒಬ್ಬರು ಲಿಂಕ್ ಕಳಿಸಿದ್ದಾರೆ.

ಉತ್ತರ: ಲಿಂಕ್ ಒತ್ತಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಬುದ್ಧಿಯ ಆಟ, ಅದೃಷ್ಟದ ಆಟ ಅನ್ನೋ ಭೇದ ಅಲ್ಲಿಲ್ಲ. ಹೀಗೆ ಲಿಂಕ್ ಕಳಿಸುವವರು ದುಡ್ಡು ನುಂಗಿದರೆ ಯಾರ ಹತ್ರ ಕೇಳ್ತೀರಿ? ಅಭ್ಯಾಸಕ್ಕೆ ಒಂದು ಕಟ್ಟು ಎಲೆ, ನಾಲ್ಕು ಗೆಳೆಯರು, ಚಿಪ್ಸ್ ಬದಲಿಗೆ ಹುಣಸೆ ಬೀಜ ಸಾಕು. ಪ್ರತಿ ಕಾಲ್‌ಗೂ ಮೊದಲು ಪಾಟ್ ಎಷ್ಟು, ನನ್ನಿಂದ ಕೇಳ್ತಿರೋದು ಎಷ್ಟು ಅಂತ ಜೋರಾಗಿ ಹೇಳಿ ಆಮೇಲೆ ಬೀಜ ಹಾಕಿ.