ಅದೇ 7.8, ಎರಡು ಜಗಳ

ತಮ್ಮಾ,

ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದು ಎರಡು ತಿಂಗಳಾಯಿತಲ್ಲ, ಚಳಿ ಬಗ್ಗೆ, ಬಾಡಿಗೆ ಬಗ್ಗೆ ಕೇಳುತ್ತೀಯ ಅಂದುಕೊಂಡಿದ್ದೆ. ನೀನು ಕೇಳಿದ್ದು ಆಫೀಸಿನ ಊಟದ ಟೇಬಲ್ ಬಗ್ಗೆ. ಒಬ್ಬ "ಬೈಡನ್ ಕಾಲದಲ್ಲಿ ಬೆಲೆ ಏರಿಕೆ ಶೇ. 9.1 ಮುಟ್ಟಿತು" ಅನ್ನುತ್ತಾನೆ. ಇನ್ನೊಬ್ಬ "ಟ್ರಂಪ್ ಇದ್ದಾಗ ನಿರುದ್ಯೋಗ ಶೇ. 14 ದಾಟಿತ್ತು" ಅನ್ನುತ್ತಾನೆ. ಆಮೇಲೆ ಇಬ್ಬರೂ ನಿನ್ನ ಕಡೆ ತಿರುಗುತ್ತಾರೆ. ಯಾರ ಮಾತು ನಿಜ, ನಾನು ಬಾಯಿ ಬಿಡಬಹುದಾ, ನಮ್ಮಂಥವರಿಗೆ ಯಾರು ವಾಸಿ ಅಂತ ಬರೆದಿದ್ದೀಯ.

ಎರಡೂ ನಿಜ. ಒಂದು 2022ರ ಜೂನ್ ಲೆಕ್ಕ, ಇನ್ನೊಂದು 2020ರ ಏಪ್ರಿಲ್ ಲೆಕ್ಕ. ನಿರುದ್ಯೋಗದ ಹಿಂದೆ ಕೋವಿಡ್ ಇತ್ತು, ಬೆಲೆ ಏರಿಕೆಯ ಹಿಂದೆ ಕೋವಿಡ್‌ನ ಬಾಲ, ಉಕ್ರೇನ್ ಯುದ್ಧ, ಇಬ್ಬರೂ ಅಧ್ಯಕ್ಷರು ಹಂಚಿದ ಪರಿಹಾರದ ದುಡ್ಡು ಎಲ್ಲಾ ಇತ್ತು. ಆದರೆ ಅಷ್ಟುದ್ದ ಹೇಳುವುದರೊಳಗೆ ಊಟದ ಹೊತ್ತು ಮುಗಿದಿರುತ್ತದೆ.

ನನಗೆ ಇದರ ರುಚಿ ಹತ್ತಿದ್ದು 2012ರಲ್ಲಿ. ಆಗ ಒಹಾಯೊ ಅಂದರೆ ಎರಡೂ ಪಕ್ಷಗಳಿಗೆ ಪ್ರಾಣ. ಅಧ್ಯಕ್ಷರನ್ನು ಆರಿಸುವ ಲೆಕ್ಕದಲ್ಲಿ ಈ ರಾಜ್ಯಕ್ಕಿದ್ದ 18 ಎಲೆಕ್ಟೋರಲ್ ವೋಟಿಗಾಗಿ ಆಗಿನ ಅಧ್ಯಕ್ಷ ಒಬಾಮ, ಅವನ ಎದುರಾಳಿ ರಾಮ್ನಿ ಇಬ್ಬರೂ ವಾರ ವಾರ ಬರುತ್ತಿದ್ದರು. ಟಿವಿ ಹಾಕಿದರೆ ಬರೀ ಜಾಹೀರಾತು. ಲ್ಯಾಂಡ್‌ಲೈನ್ ತಂತಿಯನ್ನೇ ಕಿತ್ತಿಟ್ಟಿದ್ದೆವು, ಅಷ್ಟು ಕರೆ.

ಅಕ್ಟೋಬರ್ 5, ಶುಕ್ರವಾರ. ಸಂಜೆ ಮನೆ ಮುಂದೆ ರೇಕ್ ಹಿಡಿದು ಎಲೆ ಗುಡ್ಡೆ ಹಾಕುತ್ತಿದ್ದೆ. ಎಡಗಡೆ ಮನೆಯವರು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಿಂದ ನಿವೃತ್ತರಾದ ಅಜ್ಜ, ಹುಲ್ಲಿನ ಮೇಲೆ ಒಬಾಮ ಫಲಕ. ಬಲಗಡೆಯವನು ಮನೆಗಳ ಛಾವಣಿ ಹಾಕಿಸುವ ಕಂಟ್ರಾಕ್ಟರ್, ರಾಮ್ನಿ ಫಲಕ. ನಡುವೆ ನಾನು, ಫಲಕ ಇಲ್ಲದವನು. ಅವತ್ತು ಬೆಳಿಗ್ಗೆ ಸರ್ಕಾರ ಸೆಪ್ಟೆಂಬರ್ ತಿಂಗಳ ನಿರುದ್ಯೋಗದ ಲೆಕ್ಕ ಬಿಟ್ಟಿತ್ತು: ಶೇ. 7.8.

ಅಜ್ಜ ಹೇಳಿದರು, "2009ರ ಅಕ್ಟೋಬರ್‌ನಲ್ಲಿ 10 ಇತ್ತು. ನೋಡು, ಎಲ್ಲಿಗೆ ಇಳಿಸಿದ!" ಕಂಟ್ರಾಕ್ಟರ್ ನಕ್ಕ. "ಅವನು ಕುರ್ಚಿ ಮೇಲೆ ಕೂತ 2009ರ ಜನವರಿಯಲ್ಲಿ ಎಷ್ಟಿತ್ತು? 7.8. ನಾಲ್ಕು ವರ್ಷ ಕುಣಿದು ಹೊರಟ ಜಾಗಕ್ಕೇ ಬಂದ!" ಒಳಗೆ ಹೋಗಿ ಸರ್ಕಾರದ ವೆಬ್‌ಸೈಟ್ ತೆಗೆದು ನೋಡಿದೆ. ಇಬ್ಬರೂ ಒಂದು ದಶಾಂಶವೂ ಸುಳ್ಳು ಹೇಳಿರಲಿಲ್ಲ! ಎಲ್ಲಿಂದ ಎಣಿಸಲು ಶುರು ಮಾಡುತ್ತೀರಿ ಅನ್ನುವುದಷ್ಟೇ ಜಗಳ. ಅವತ್ತೇ ಜನರಲ್ ಎಲೆಕ್ಟ್ರಿಕ್ ಕಂಪನಿಯ ಹಳೇ ಮುಖ್ಯಸ್ಥ ಜ್ಯಾಕ್ ವೆಲ್ಚ್, ಈ ಲೆಕ್ಕವನ್ನೇ ಒಬಾಮ ಕಡೆಯವರು ತಿದ್ದಿದ್ದಾರೆ ಅನ್ನೋ ಧಾಟಿಯಲ್ಲಿ ಟ್ವೀಟ್ ಮಾಡಿ ಗದ್ದಲ ಎಬ್ಬಿಸಿದ. ಅದಕ್ಕೆ ಮಾತ್ರ ಆಧಾರ ಇರಲಿಲ್ಲ.

ಕಾರಿನ ವಿಷಯ ಬಂದಾಗ ಅಜ್ಜನ ದನಿ ಏರಿತು. 2008ರ ನವೆಂಬರ್‌ನಲ್ಲಿ ರಾಮ್ನಿ ನ್ಯೂಯಾರ್ಕ್ ಟೈಮ್ಸ್‌ಗೆ ಒಂದು ಲೇಖನ ಬರೆದಿದ್ದ. ಡೆಟ್ರಾಯಿಟ್ (ಅಂದರೆ ಕಾರು ಕಂಪನಿಗಳು) ದಿವಾಳಿಯಾಗಲಿ ಅಂತ ಅದರ ತಲೆಬರಹ. ಅದನ್ನು ಇಟ್ಟವರು ಪತ್ರಿಕೆಯವರು, ಒಳಗೆ ರಾಮ್ನಿ ಹೇಳಿದ್ದು ನಿಯಮಬದ್ಧ ದಿವಾಳಿ ಮಾಡಿ ಕಂಪನಿಗಳನ್ನು ಸರಿಪಡಿಸಿ ಅಂತ. 2009ರಲ್ಲಿ ಕ್ರೈಸ್ಲರ್, ಜಿಎಂ ಎರಡೂ ದಿವಾಳಿ ಕೋರ್ಟಿಗೆ ಹೋದವು, ಸರ್ಕಾರದ ದುಡ್ಡಿನೊಂದಿಗೆ. ಮೊದಲ ಕಂತು ಕೊಟ್ಟಿದ್ದು ಒಬಾಮ ಅಲ್ಲ, ಅವನಿಗಿಂತ ಮುಂಚಿನ ಅಧ್ಯಕ್ಷ ಬುಷ್. ಇದನ್ನು ಹೇಳಿ ನಾನು ಬುದ್ಧಿವಂತ ಅನ್ನಿಸಿಕೊಳ್ಳಲು ಹೋದೆ. ಅಜ್ಜ ಒಂದೇ ಮಾತು ಹೇಳಿದರು: "ನನ್ನ ಪೆನ್ಷನ್ ಉಳಿಯಿತು." ನಾನು ಮತ್ತೆ ಎಲೆ ಗುಡಿಸಿದೆ.

ಇನ್ನೊಂದು ಕಡೆ ಕಂಟ್ರಾಕ್ಟರ್‌ನ ಇರುಸುಮುರುಸು ನೋಡಬೇಕಿತ್ತು. ಎಲ್ಲರೂ ಆರೋಗ್ಯ ವಿಮೆ ಕೊಳ್ಳಲೇಬೇಕು ಅನ್ನುವ ಒಬಾಮ ಕಾನೂನಿಗೆ ಅವನು ಉರಿದು ಬೀಳುತ್ತಿದ್ದ. ಅದೇ ಥರದ ಕಾನೂನಿಗೆ 2006ರಲ್ಲೇ ಮ್ಯಾಸಚೂಸೆಟ್ಸ್ ಗವರ್ನರ್ ಆಗಿ ಸಹಿ ಹಾಕಿದವನು ರಾಮ್ನಿ. "ಅದು ರಾಜ್ಯದ್ದು, ಇದು ದೇಶದ್ದು" ಅಂದ. ವಾದದಲ್ಲಿ ಹುರುಳಿದೆ, ಆದರೆ ಅನ್ನುವಾಗ ನನ್ನ ಮುಖ ನೋಡಲಿಲ್ಲ.

ಕೊನೆಗೆ ಇಬ್ಬರೂ ನನ್ನನ್ನು ಹಿಡಿದರು: ನಿನ್ನ ವೋಟು ಯಾರಿಗೆ? ನನಗೆ ವೋಟೇ ಇಲ್ಲ, ಇಲ್ಲೇ ನೆಲೆಸಲು ಬಿಡುವ ಗ್ರೀನ್ ಕಾರ್ಡ್ ಅಷ್ಟೇ, ನಾಗರಿಕನಲ್ಲ ಅಂದೆ. "ಟ್ಯಾಕ್ಸ್ ಕಟ್ಟುತ್ತೀಯಲ್ಲಾ?" ಅಂತ ಕಂಟ್ರಾಕ್ಟರ್ ಕಣ್ಣರಳಿಸಿದ. ಇಬ್ಬರೂ ಒಪ್ಪಿ ತಲೆಯಾಡಿಸಿದ್ದು ಅದೊಂದಕ್ಕೇ. ನಾನು ಮೊದಲ ಸಲ ವೋಟು ಹಾಕಿದ್ದು 2016ರಲ್ಲಿ, ಬಂದು 15 ವರ್ಷ ಆದಮೇಲೆ.

ಹಾಗಾಗಿ ಬಾಯಿ ಬಿಡು, ತಪ್ಪಿಲ್ಲ. ಆದರೆ "ಯಾವ ತಿಂಗಳಿಂದ ಎಣಿಸುತ್ತಿದ್ದೀರಿ?" ಅಂತ ಕೇಳು ಸಾಕು. ಮ್ಯಾನೇಜರ್ ಎದುರಿದ್ದರೆ ಅದನ್ನೂ ಕೇಳಬೇಡ, ಸುಮ್ನೆ ಮೊಸರನ್ನ ತಿನ್ನು. ಕನ್ನಡ ಕೂಟದಲ್ಲೂ ಹುಷಾರು. ರಾಜ್ಯೋತ್ಸವವೂ ಚುನಾವಣೆಯೂ ನವೆಂಬರ್‌ನಲ್ಲೇ ಬರುತ್ತವೆ. ಬಿಸಿಬೇಳೆಬಾತ್ ಸಾಲಿನಲ್ಲಿ ಶುರುವಾದ ಮಾತಿಗೆ ವರ್ಷಗಟ್ಟಲೆ ಮಾತು ಬಿಟ್ಟ ಎರಡು ಮನೆ ನನಗೆ ಗೊತ್ತು. ಊರಲ್ಲಿ ಒಂದೇ ಬೀದಿಯವರು.

ನಮಗೆ ಯಾರು ವಾಸಿ? ಗ್ರೀನ್ ಕಾರ್ಡಿನ ಉದ್ದ ಸಾಲಿಗೆ ದೊಡ್ಡ ಕಾರಣ ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ. 7 ಅನ್ನೋ ಮಿತಿ. ಅದು ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಮಾಡಿದ ಕಾನೂನು. ಒಬಾಮ, ಟ್ರಂಪ್, ಬೈಡನ್ ಯಾರ ಕಾಲದಲ್ಲೂ ಬದಲಾಗಲಿಲ್ಲ. ಅಧ್ಯಕ್ಷರ ಆಡಳಿತದಿಂದಲೇ ಆಗಿದ್ದೂ ಉಂಟು: ಒಬಾಮ ಆಡಳಿತ 2015ರಲ್ಲಿ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತ ಎಚ್-1ಬಿ (ಕೆಲಸದ ವೀಸಾ) ದವರ ಎಚ್-4 (ಕುಟುಂಬದ ವೀಸಾ) ಸಂಗಾತಿಗಳಿಗೆ ಕೆಲಸ ಮಾಡಲು ಬಿಟ್ಟಿತು. 2020ರ ಜೂನ್‌ನಲ್ಲಿ ಟ್ರಂಪ್ ಹೊರಗಿನಿಂದ ಹೊಸದಾಗಿ ಎಚ್-1ಬಿ ಮೇಲೆ ಬರುವವರನ್ನು ತಡೆದ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ. ಈ ಲೆಕ್ಕದಲ್ಲಿ ನನ್ನ ಒಲವು ಯಾವ ಕಡೆ ಅಂತ ನಿನಗೆ ಗೊತ್ತಾಗಿರಬೇಕು. ಆದರೆ ನಮ್ಮ ಕೂಟದ ಒಬ್ಬರು ತೆರಿಗೆ ನೋಡಿಯೇ ಟ್ರಂಪ್‌ಗೆ ವೋಟು ಹಾಕುತ್ತಾರೆ, ಮುಚ್ಚಿಡುವುದೂ ಇಲ್ಲ.

ನೀನು ಕೇಳದ ಒಂದು ಮಾತು, ಇದೇ ಮುಖ್ಯ. ಮುಂದಿನ ವಾರ ಡ್ರೈವಿಂಗ್ ಲೈಸೆನ್ಸ್‌ಗೆ ಬಿಎಂವಿ (ಇಲ್ಲಿನ ಆರ್‌ಟಿಒ) ಕಚೇರಿಗೆ ಹೋಗುತ್ತೀಯಲ್ಲ, ಅಲ್ಲಿ ವೋಟರ್ ಆಗಿ ಹೆಸರು ಸೇರಿಸಬೇಕಾ ಅಂತ ಕೇಳಬಹುದು. 1993ರ ಕಾನೂನಿನ ಪ್ರಕಾರ ಕೇಳುವುದು ಅವರ ಕೆಲಸ. ನೀನು 'ಇಲ್ಲ' ಅನ್ನು. ಗೊತ್ತಿಲ್ಲದೆ ಸಹಿ ಹಾಕಿ ನಾಗರಿಕ ಅಂತ ಹೇಳಿಕೊಂಡಂತಾದರೆ ಮುಂದೆ ಗ್ರೀನ್ ಕಾರ್ಡಿಗೇ ಕಲ್ಲು ಬೀಳುತ್ತದೆ. ಅಭ್ಯರ್ಥಿಗಳಿಗೆ ಚಂದಾ ಕೊಡುವುದೂ ಬೇಡ, ಗ್ರೀನ್ ಕಾರ್ಡ್ ಬರುವವರೆಗೆ ಅದು ಕಾನೂನಿಗೆ ವಿರುದ್ಧ. ಫಾರಂ ಅರ್ಥ ಆಗದಿದ್ದರೆ ಅಲ್ಲಿಂದಲೇ ಫೋನ್ ಮಾಡು, ಮಂಗಳವಾರ ನನಗೆ ರಜಾ.