ಹುಲಿಯ ಹೆಗಲಿಗೆ ಬಣ್ಣ, ನಿಮ್ಮ ಹೆಗಲಿಗೆ ತಂಪು

ಉಡುಪಿ ಕಡೆಯ, ಈಗ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುವ ಓದುಗರೊಬ್ಬರ ಪತ್ರ: "ಅಷ್ಟಮಿಗೆ ಹುಲಿವೇಷದವರಿಗೆ ಬಣ್ಣ ಬಳಿಯುವುದನ್ನು ನೋಡಿದರೆ ಬ್ರಶ್ಶು ನನ್ನ ಮೈಮೇಲೆಯೇ ಓಡುತ್ತದೆ. ಎದುರಿಗೆ ನಿಂತವನ ಎಡ ಹೆಗಲಿಗೆ ಬಳಿದರೆ ನನ್ನ ಬಲ ಹೆಗಲು ತಣ್ಣಗಾಗುತ್ತದೆ. ಚಿಕ್ಕಂದಿನಿಂದಲೂ ಹೀಗೆಯೇ. ಅಜ್ಜಿ ನೂಲು ಕಟ್ಟಿಸಿದರು, ಅಮ್ಮ ನಾಟಕ ಅಂತಾರೆ. ಈಗ ವಾರ್ಡಿನಲ್ಲಿ ಯಾರಿಗೋ ಸೂಜಿ ಚುಚ್ಚಿದರೆ ನನ್ನ ತೋಳು ಚುರುಕ್ ಅನ್ನುತ್ತದೆ. ಇದು ಹುಚ್ಚೇ? ನರ್ಸಿಂಗ್ ಬಿಡಬೇಕೇ?"

ಹುಚ್ಚಲ್ಲ, ತಂಗಿ. ನಾಟಕವೂ ಅಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ನಂಬಿಸಿದ್ದೇ ಆ ಎಡ-ಬಲದ ಮಾತು. ಸುಳ್ಳು ಹೇಳುವವರಿಗೆ ಅದು ಹೊಳೆಯುವುದಿಲ್ಲ. ಈ ಅನುಭವ ಇರುವವರಲ್ಲಿ ಹೆಚ್ಚಿನವರಿಗೆ ಕನ್ನಡಿಯಲ್ಲಿ ಕಂಡ ಹಾಗೆ ಎದುರಿನವರ ಎಡ ತಮ್ಮ ಬಲವಾಗುತ್ತದೆ. ಎಡಕ್ಕೆ ಎಡವೇ ಆಗುವವರು ಕಡಿಮೆ. ಇದಕ್ಕೆ ಮಿರರ್ ಟಚ್ ಸಿನೆಸ್ತೇಸಿಯಾ ಎಂದು ಹೆಸರು. ನಾವು ಕನ್ನಡಿ ಸ್ಪರ್ಶ ಎನ್ನೋಣ.

ಆಗ ಲಂಡನ್ನಿನಲ್ಲಿದ್ದ ಮಿದುಳು ವಿಜ್ಞಾನಿ ಸಾರಾ-ಜೇನ್ ಬ್ಲೇಕ್‌ಮೋರ್ ಒಮ್ಮೆ ಉಪನ್ಯಾಸದಲ್ಲಿ ಇಂಥದ್ದೊಂದು ಇದೆಯೆಂದು ಹೇಳಿದಾಗ ಸಭೆಯಲ್ಲಿದ್ದ ಒಬ್ಬ ಹೆಂಗಸು, "ಎಲ್ಲರಿಗೂ ಹಾಗೆಯೇ ಅಲ್ಲವೇ?" ಎಂದು ಕೇಳಿದರಂತೆ. ಅಷ್ಟು ವರ್ಷ ಅವರಿಗೆ ಅದೊಂದು ವಿಶೇಷ ಅನ್ನಿಸಿಯೇ ಇರಲಿಲ್ಲ. 2005ರಲ್ಲಿ ಬ್ಲೇಕ್‌ಮೋರ್ ತಂಡ 'ಸಿ' ಎಂಬ ಒಂದಕ್ಷರದ ಹೆಸರಿನಲ್ಲಿ ಇಂಥ ಒಬ್ಬರ ಮಿದುಳಿನ ಸ್ಕ್ಯಾನ್ ಪ್ರಕಟಿಸಿತು. ಬೇರೆಯವರನ್ನು ಮುಟ್ಟುವುದನ್ನು ನೋಡುವಾಗ ಸ್ಪರ್ಶವನ್ನು ಗ್ರಹಿಸುವ ಭಾಗ ಉಳಿದವರಿಗಿಂತ ಜೋರಾಗಿ ಕೆಲಸ ಮಾಡುತ್ತಿತ್ತು.

ಇನ್ನು ಅಮ್ಮನಿಗೆ ಹೇಳಲು ಒಂದು ಪರೀಕ್ಷೆ. 2007ರಲ್ಲಿ ಮೈಕೆಲ್ ಬ್ಯಾನಿಸಿ ಮತ್ತು ಜೇಮಿ ವಾರ್ಡ್ ಎಂಬ ಮನೋವಿಜ್ಞಾನಿಗಳು ಇಂಥ 10 ಮಂದಿಯ ಕೆನ್ನೆಯನ್ನು ನಿಜವಾಗಿ ಮುಟ್ಟುತ್ತ, ಅದೇ ಹೊತ್ತಿಗೆ ಇನ್ನೊಬ್ಬರ ಕೆನ್ನೆ ಮುಟ್ಟುವುದನ್ನೂ ತೋರಿಸಿದರು. ನಿಜವಾಗಿ ಮುಟ್ಟಿದ್ದು ಎಲ್ಲಿ ಎಂದಷ್ಟೇ ಹೇಳಬೇಕು. ಕಂಡದ್ದು ಒಂದು ಕಡೆ, ತಾಗಿದ್ದು ಇನ್ನೊಂದು ಕಡೆ ಆದಾಗ ಇವರು ತಡವರಿಸಿದರು, ತಪ್ಪು ಹೇಳಿದರು. ಬೇಕೆಂದು ನಟಿಸುವವರು ಅಷ್ಟು ವೇಗದಲ್ಲಿ ಅದೇ ಬಗೆಯ ತಪ್ಪನ್ನು ಮತ್ತೆ ಮತ್ತೆ ಮಾಡುವುದು ಕಷ್ಟ. 2009ರಲ್ಲಿ 567 ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ 9 ಮಂದಿಯಲ್ಲಿ ಇದು ಕಂಡಿತು. ನಿಮ್ಮ ಕಾಲೇಜಿನಲ್ಲೇ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕೂತಿರಬಹುದು.

ನನ್ನದೂ ಒಂದು ಹೇಳುತ್ತೇನೆ. ಕ್ಷೌರದಂಗಡಿಯಲ್ಲಿ ಪಕ್ಕದವರ ಗಂಟಲ ಮೇಲೆ ಕತ್ತಿ ಜಾರುವಾಗ ನಾನು ಕುತ್ತಿಗೆ ಒಳಗೆ ಎಳೆದುಕೊಳ್ಳುತ್ತೇನೆ. ಆದರೆ ನನ್ನ ಗಂಟಲಿಗೆ ತಣ್ಣನೆಯ ಅಲಗು ತಾಗುವುದಿಲ್ಲ. ಅಳುಕು ಎಲ್ಲರದ್ದೂ, ತಾಗುವುದು ನಿಮ್ಮದು.

ನಮಗೆ ಯಾಕೆ ತಾಗುವುದಿಲ್ಲ? ಚೆನ್ನೈಯಲ್ಲಿ ವೈದ್ಯಕೀಯ ಓದಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಕೊಡುವ ವಿವರಣೆ ನನಗೆ ಇಷ್ಟ. ನೋಡಿದ ಸ್ಪರ್ಶ ಎಲ್ಲರ ಮಿದುಳಿನಲ್ಲೂ ಒಂದಿಷ್ಟು ಸದ್ದು ಮಾಡುತ್ತದೆ. ಆದರೆ ನಮ್ಮ ಚರ್ಮ ಕೂಡಲೇ, "ಇಲ್ಲಿ ಯಾರೂ ಮುಟ್ಟಿಲ್ಲ ಮಾರಾಯ" ಎಂದು ವರದಿ ಕಳಿಸುತ್ತದೆ, ಸದ್ದು ಅಡಗುತ್ತದೆ. ಕೈ ಕಳೆದುಕೊಂಡವರ ಎದುರು ಬೇರೆಯವರ ಕೈ ಸವರಿದರೆ, ಅವರಲ್ಲಿ ಕೆಲವರಿಗೆ ಇಲ್ಲದ ಕೈಯಲ್ಲೇ ಆ ಸವರುವಿಕೆ ಗೊತ್ತಾಗುತ್ತದೆ. ವರದಿ ಕಳಿಸಲು ಅಲ್ಲಿ ಚರ್ಮವೇ ಇಲ್ಲವಲ್ಲ! ನಿಮ್ಮಲ್ಲಿ ಚರ್ಮ ಇದೆ, ಆದರೂ ಸದ್ದು ಅಡಗುವುದಿಲ್ಲ. ಆ ಸದ್ದೇ ನಿಮ್ಮಲ್ಲಿ ಜೋರೆಂದು ಕೆಲವರು, 'ನಾನು-ಅವರು' ಎಂಬ ಗಡಿ ಹಾಕುವ ಕೆಲಸವೇ ಸಡಿಲವೆಂದು ಕೆಲವರು. ತೀರ್ಪು ಇನ್ನೂ ಬಂದಿಲ್ಲ. ಇಂಥವರಿಗೆ ಕರುಣೆ ಹೆಚ್ಚೆಂದೂ ಹೇಳುತ್ತಾರೆ. ಅದನ್ನು ತಲೆಗೇರಿಸಿಕೊಳ್ಳಬೇಡಿ. ನೋವು ತಾಗಿದವರು ಹತ್ತಿರ ಹೋಗುವಂತೆಯೇ ಓಡಿಹೋಗಲೂಬಹುದು.

ನರ್ಸಿಂಗ್ ಬಿಡಬೇಡಿ. ಜೋಯಲ್ ಸಲಿನಾಸ್ ಎಂಬ ಅಮೆರಿಕದ ನರರೋಗ ತಜ್ಞರಿಗೂ ಇದೇ ಇದೆ. ವಿದ್ಯಾರ್ಥಿಯಾಗಿದ್ದಾಗ ಹೃದಯ ನಿಂತ ರೋಗಿಯೊಬ್ಬರ ಎದೆ ಒತ್ತುವುದನ್ನು ನೋಡಿ ತನ್ನ ಎದೆಯೇ ಒತ್ತಿಹೋದಂತಾಗಿ, ಆಮೇಲೆ ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿದ್ದನ್ನು ಅವರೇ ಬರೆದಿದ್ದಾರೆ. ಆದರೂ ವೈದ್ಯರಾದರು. ಬೇರೆಯವರು ಚುಚ್ಚುವುದನ್ನು ನೋಡುತ್ತಿರುವಾಗ, ಸೂಜಿ ಒಳಗೆ ಹೋಗುವ ಗಳಿಗೆಯಲ್ಲಿ ರೋಗಿಯ ತೋಳಿನ ಬದಲು ಸಿರಿಂಜಿನ ಗೆರೆ ನೋಡಿ, ನಿಮ್ಮ ಬೆರಳನ್ನು ಒಮ್ಮೆ ಗಟ್ಟಿಯಾಗಿ ಹಿಸುಕಿಕೊಳ್ಳಿ. ಇದು ಶಾಸ್ತ್ರವಲ್ಲ, ನನ್ನ ಊಹೆ. ಮಾಡಿ ನೋಡುವುದರಲ್ಲಿ ನಷ್ಟವಿಲ್ಲ. ನಂಬಿಕೆಯ ಒಬ್ಬ ಟೀಚರಿಗೂ ಹೇಳಿಡಿ.

ಚಿಕ್ಕಂದಿನಿಂದ ಇರುವುದರಿಂದ ಗಾಬರಿ ಬೇಡ. ಇದು ಮೊನ್ನೆ ಮೊನ್ನೆ ಶುರುವಾಗಿದ್ದರೆ, ಜೊತೆಗೆ ಒಂದು ಬದಿ ಮರಗಟ್ಟುವುದೋ ಫಿಟ್ಸೋ ಇದ್ದರೆ, ಕೂಡಲೇ ವೈದ್ಯರ ಹತ್ತಿರ ಹೋಗಿ ಎನ್ನುತ್ತಿದ್ದೆ. ಅಜ್ಜಿಯ ನೂಲು ಇರಲಿ, ಅದರಿಂದ ಯಾರಿಗೂ ತೊಂದರೆಯಿಲ್ಲ.

ನನಗೊಂದು ಕುತೂಹಲ ಉಳಿದಿದೆ. ಬರುವ ಅಷ್ಟಮಿಗೆ, ಕೈ ಚಾಚಿ ಬಣ್ಣ ಒಣಗಲು ಕಾಯುತ್ತಾ ನಿಂತ ಹುಲಿಯ ಎದುರಲ್ಲ, ಹಿಂದೆ ನಿಂತು ನೋಡಿ. ಬೆನ್ನಿಗೆ ಪಟ್ಟೆ ಎಳೆಯುವಾಗ ಅವನ ಎಡ ನಿಮಗೆ ಎಡವೇ, ಅಥವಾ ಆಗಲೂ ಬಲವೇ? ಒಂದು ಕಾರ್ಡು ಬರೆಯಿರಿ.

— ಸಂ.